ಮೊದಲು ಆಮೆ, ಆಮೇಲೆ ‘ಆ’: ಪ್ರಾಣಿ ಚಿತ್ರದಿಂದ ಬರವಣಿಗೆಗೆ

ವಿಜಯದಶಮಿಯ ದಿನ ಹರಿವಾಣದ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ. ಅದು ಶಾಸ್ತ್ರ, ಚಂದದ ಶಾಸ್ತ್ರ. ಮರುದಿನವೇ ಸ್ಲೇಟು ಕೊಟ್ಟು ‘ಅ’ ತಿದ್ದಲು ಕೂರಿಸುವುದು ಮಾತ್ರ ಅವಸರ. ಸುಮಾರು ಮೂರು ವರ್ಷಕ್ಕೆ ಮಗುವಿನ ಕೈ ನೋಡಿಕೊಂಡು ಒಂದು ಸೊನ್ನೆ ಮುಚ್ಚಬಲ್ಲದು. ನಾಲ್ಕರ ಹೊತ್ತಿಗೆ ಕೂಡಿಸುವ ಗುರುತು ಬರುತ್ತದೆ, ಚೌಕ ಮತ್ತು ತ್ರಿಕೋನ ಐದರ ಆಸುಪಾಸು. ‘ಅ’ ಎಂದರೆ ಒಳಗೊಂದು ಸುರುಳಿ, ಹೊರಗೊಂದು ಬಾಗು, ಎರಡಕ್ಕೂ ಸರಿಯಾದ ಜಾಗ. ಮೂರು ವರ್ಷದ ಕೈಗೆ ಇದು ದೊಡ್ಡವರು ಎಡಗೈಯಲ್ಲಿ ಸಹಿ ಹಾಕಿದಷ್ಟೇ ಕಷ್ಟ.

ಆದರೆ ಅದೇ ಕೈ ಬೆಕ್ಕು ಬಿಡಿಸುತ್ತದೆ. ಒಂದು ಸೊನ್ನೆ, ಎರಡು ಕಿವಿ, ಎಲ್ಲೆಲ್ಲೋ ನಾಲ್ಕೈದು ಕಾಲು. ಬಿಡಿಸಿ, ‘ಇದು ಬೆಕ್ಕು, ಹಾಲು ಕದ್ದು ಕುಡಿದು ಓಡಿದ್ದು’ ಎಂದೂ ಹೇಳುತ್ತದೆ. ಮನಸ್ಸಿನಲ್ಲಿದ್ದದ್ದನ್ನು ಗುರುತು ಮಾಡಿ ಕಾಗದದ ಮೇಲೆ ಇಡುವ ಕೆಲಸ ಅಲ್ಲಿಗೆ ಶುರುವಾಯಿತು. ಬರವಣಿಗೆ ಎಂದರೂ ಅದೇ ಕೆಲಸ. ಉಳಿದಿರುವುದು ಆ ಗುರುತುಗಳ ಪಕ್ಕದಲ್ಲಿ ಅಕ್ಷರಗಳನ್ನು ಮೆಲ್ಲಗೆ ತಂದು ಕೂರಿಸುವುದು. ಹೇಗೆ, ಯಾವ ಕ್ರಮದಲ್ಲಿ ಎಂಬುದು ಮುಂದಿದೆ. ಮೂರರಿಂದ ಆರು ವರ್ಷದ ಮಕ್ಕಳಿರುವ ಮನೆಗೂ ಅಂಗನವಾಡಿಗೂ ಒಂದನೇ ತರಗತಿಗೂ ಇದು ಹೊಂದುತ್ತದೆ.

ಬೇಕಾದ ಸಾಮಾನು

ಹೆಚ್ಚೇನೂ ಬೇಡ. ಮೇಣದ ಕ್ರೇಯಾನ್ ನಾಲ್ಕು ಬಣ್ಣ ಸಾಕು: ಕಪ್ಪು, ಕೆಂಪು, ನೀಲಿ, ಕಂದು. ಇಪ್ಪತ್ತನಾಲ್ಕು ಬಣ್ಣದ ಡಬ್ಬಿ ಕೊಟ್ಟರೆ ಬಣ್ಣ ಆರಿಸುವುದರಲ್ಲೇ ಹೊತ್ತು ಹೋಗುತ್ತದೆ. ಪ್ರತಿ ಕ್ರೇಯಾನನ್ನು ಮೂರು ಸೆಂಟಿಮೀಟರಿನ ತುಂಡುಗಳಾಗಿ ಮುರಿಯಿರಿ. ಉದ್ದ ಕ್ರೇಯಾನನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗಿಯೇ ಮುಂದೆ ಬರುತ್ತವೆ. ಹಿಡಿತ ಕಲಿಸಲು ಮಾರುವ ರಬ್ಬರಿನ ಸಾಧನಗಳಿಗಿಂತ ಇದು ಅಗ್ಗ, ಪರಿಣಾಮವೂ ಹೆಚ್ಚು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಿಗೆ ಮಾತ್ರ ತುಂಡು ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಆ ಅಭ್ಯಾಸ ಬಿಡುವವರೆಗೆ ದಪ್ಪ ಕ್ರೇಯಾನ್ ಇರಲಿ.

ಕಾಗದ ದೊಡ್ಡದಿರಬೇಕು. ಹಳೆ ಗೋಡೆ ಕ್ಯಾಲೆಂಡರಿನ ಹಿಂಬದಿ ತುಂಬ ಒಳ್ಳೆಯದು. ನೋಟ್‌ಬುಕ್ಕಿನ ಹಾಳೆ ಈ ಹಂತಕ್ಕೆ ಚಿಕ್ಕದು. ಮಗು ಮೊದಲು ಭುಜದಿಂದ ಬಿಡಿಸುತ್ತದೆ, ಆಮೇಲೆ ಮೊಣಕೈ, ಮಣಿಕಟ್ಟು, ಕೊನೆಗೆ ಬೆರಳು. ಸಣ್ಣ ಹಾಳೆ ಕೊಟ್ಟರೆ ಮೊದಲ ದಿನವೇ ಬೆರಳಿನ ಕೆಲಸ ಕೇಳಿದಂತಾಗುತ್ತದೆ. ಹಾಳೆಯನ್ನು ಗೋಡೆಗೆ ಮಗುವಿನ ಎದೆಯ ಎತ್ತರಕ್ಕೆ ಅಂಟಿಸಿ, ನಿಂತು ಬಿಡಿಸಲಿ. ಆಗ ಮಣಿಕಟ್ಟು ಹಿಂದಕ್ಕೆ ಬಾಗಿ, ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ಕೋನಕ್ಕೆ ಬರುತ್ತದೆ.

ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಾಸರಗೋಡಿನ ಕಡೆ ಕಾಗದ ತೇವ ಎಳೆದು ಮೆತ್ತಗಾಗುತ್ತದೆ. ಸ್ಕೆಚ್ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಒತ್ತಿದರೆ ಹರಿಯುತ್ತದೆ. ಮೇಣದ ಕ್ರೇಯಾನಿಗೆ ಆ ತೊಂದರೆಯಿಲ್ಲ. ಕಾಗದವನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಬೇಸಿಗೆಯಲ್ಲಾದರೆ ಅಂಗಳಕ್ಕಿಂತ ಒಳ್ಳೆಯ ಹಾಳೆ ಬೇರೆ ಬೇಡ. ಸಿಮೆಂಟು ಅಂಗಳದಲ್ಲಿ ಕೆಂಪುಕಲ್ಲಿನ ಚೂರು ಚೆನ್ನಾಗಿ ಗೀಚುತ್ತದೆ, ಮಣ್ಣಿನ ಅಂಗಳದಲ್ಲಿ ಹಿಡಿಸೂಡಿಯ ಕಡ್ಡಿ ಸಾಕು. ಅಗಲದ ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕೆ ಹೊಯಿಗೆ (ಮರಳು) ಹರಡಿದರೂ ಆಯಿತು. ಅದಕ್ಕಿಂತ ದಪ್ಪವಾದರೆ ಗೆರೆ ಕುಸಿದು ಮುಚ್ಚಿಹೋಗುತ್ತದೆ.

ರಬ್ಬರು ಬೇಡ. ಇದೊಂದು ಕಟ್ಟುನಿಟ್ಟು. ರಬ್ಬರು ಕೈಯಲ್ಲಿದ್ದರೆ ಮಗು ಬಿಡಿಸುವುದಕ್ಕಿಂತ ಅಳಿಸುವುದೇ ಹೆಚ್ಚು.

ಯಾವ ಪ್ರಾಣಿ, ಯಾವ ಗೆರೆ

ಅಕ್ಷರಮಾಲೆಯ ಚಾರ್ಟಿನಲ್ಲಿ ‘ಒ’ಗೆ ಒಂಟೆ ಇರುತ್ತದೆ. ಮಂಜೇಶ್ವರದ ಮಗು ಒಂಟೆಯನ್ನು ಎಲ್ಲಿ ಕಂಡೀತು? ಕಂಡದ್ದರಿಂದ ಶುರುಮಾಡಿ: ಹಟ್ಟಿಯ ದನ, ಬೇಲಿಯ ಓತಿ, ಬಾವಿಕಟ್ಟೆಯ ಕಪ್ಪೆ, ಮೀನಿನವನ ಬುಟ್ಟಿಯ ಬಂಗುಡೆ, ಗದ್ದೆಯ ಏಡಿ. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆಯೂ ಆದೀತು. ಅಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡರೂ ಈ ಸೀಮೆಯ ಮಕ್ಕಳ ಬಾಯಲ್ಲಿ ಅದರ ಹೆಸರು ಉಳಿದಿದೆ.

ಕನ್ನಡ ದುಂಡು ಲಿಪಿ. ಇಂಗ್ಲಿಷ್ ಮಾಧ್ಯಮದ ಅಭ್ಯಾಸ ಪುಸ್ತಕಗಳಲ್ಲಿ ನಿಂತ ಗೆರೆ, ಮಲಗಿದ ಗೆರೆ, ಅಂಕುಡೊಂಕು ಗೆರೆ ಪುಟಗಟ್ಟಲೆ ಇರುತ್ತವೆ. ಆ ಲಿಪಿಗೆ ಅವು ಬೇಕು, ನಮ್ಮ ಅಕ್ಷರಗಳಿಗೆ ಅಷ್ಟು ಉಪಯೋಗವಿಲ್ಲ. ಮೊಸಳೆಯ ಹಲ್ಲಿಗೆ ಅಂಕುಡೊಂಕು ಬಂದರೆ ಬರಲಿ. ಕನ್ನಡಕ್ಕೆ ಮುಖ್ಯವಾಗಿ ಬೇಕಾದ್ದು ಮುಚ್ಚಿದ ಸೊನ್ನೆ, ಕೆಳಮುಖದ ಕಮಾನು, ಮೇಲ್ಮುಖದ ಬಟ್ಟಲು, ಸುರುಳಿ, ಅಲೆ ಮತ್ತು ಒಂದು ಚಿಕ್ಕ ತಲೆಕಟ್ಟು. ಗೆರೆ ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಎರಡೂ ದಿಕ್ಕು ಕೈಗೆ ಪಳಗಬೇಕು.

ಸೊನ್ನೆಗೆ ಕೋಳಿ: ದೊಡ್ಡ ಸೊನ್ನೆ ಹೊಟ್ಟೆ, ಸಣ್ಣ ಸೊನ್ನೆ ತಲೆ, ಅದರೊಳಗೆ ಕಣ್ಣು. ಹಿಂದೆ ಮರಿಗಳ ಸಾಲು ಬೇಕೆಂದರೆ ಮಗು ತಾನಾಗಿ ಹತ್ತು ಸೊನ್ನೆ ಹಾಕುತ್ತದೆ. ‘ಹತ್ತು ಸಲ ಬರೆ’ ಎಂದರೆ ಮೂರಕ್ಕೆ ನಿಲ್ಲಿಸುತ್ತದೆ. ‘ರ’ದ ದುಂಡಿಗೂ ‘ಮಂಗ’ದ ಅನುಸ್ವಾರಕ್ಕೂ ಈ ಸೊನ್ನೆಯೇ ಬೇಕು. ಕಮಾನಿಗೆ ಆಮೆಯ ಚಿಪ್ಪು, ಆನೆಯ ಬೆನ್ನು. ‘ಗ’ದಲ್ಲಿ ಇರುವುದು ಅದೇ ಚಲನೆ. ಬಟ್ಟಲಿಗೆ ಮೀನಿನ ಹುರುಪೆ: ಮೈ ತುಂಬ ಸಾಲುಸಾಲಾಗಿ ಅರ್ಧ ಸೊನ್ನೆಗಳು. ಪ, ಬ, ಷಗಳ ಬುಡದಲ್ಲಿ ಈ ಬಾಗು ಸಿಗುತ್ತದೆ. ಬಸವನಹುಳದ ಸುರುಳಿಯನ್ನು ಒಮ್ಮೆ ನಡುವಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ಸುತ್ತಿಸಿ. ಅ, ಇ, ಲ ಬರೆಯುವಾಗ ನೆರವಿಗೆ ಬರುತ್ತದೆ. ಹಾವಿನ ಅಲೆಗೆ ಒಂದು ಉಪಾಯವಿದೆ. ಹಾಳೆಯ ಬಲಗಡೆ ಹುತ್ತ ಬಿಡಿಸಿಕೊಡಿ, ಹಾವು ಎಡದಿಂದ ಹೊರಟು ಹುತ್ತ ಸೇರಲಿ. ಎಡದಿಂದ ಬಲಕ್ಕೆ ಹೋಗುವ ರೂಢಿ ಮಾತಿಲ್ಲದೆ ಬಂದುಬಿಡುತ್ತದೆ. ತಲೆಕಟ್ಟಿಗೆ ದೂರದಲ್ಲಿ ಹಾರುವ ಕಾಗೆಗಳು ಸಾಕು. ನವರಾತ್ರಿಯಲ್ಲಿ ಹುಲಿವೇಷ ನೋಡಿ ಬಂದ ಮಗು ಹುಲಿಯನ್ನೇ ಬಿಡಿಸುತ್ತದೆ. ಆ ಪಟ್ಟೆಗಳನ್ನು ಮೈಯ ಗೆರೆ ದಾಟದಂತೆ ತುಂಬುವುದು, ಮುಂದೆ ಎರಡು ಗೆರೆಗಳ ನಡುವೆ ಅಕ್ಷರ ಹಿಡಿದಿಡುವುದಕ್ಕೆ ಒಳ್ಳೆಯ ಸಾಧನೆ.

ಈ ಹೋಲಿಕೆಗಳೆಲ್ಲ ದೊಡ್ಡವರ ತಲೆಯಲ್ಲಿ ಇರಲಿ. ‘ನೋಡು, ಆಮೆಗೆ ತಲೆಕಟ್ಟು ಹಾಕಿದರೆ ಗ ಆಯಿತು’ ಎಂದು ಮಗುವಿಗೆ ಹೇಳಿಕೊಡಬೇಡಿ. ‘೨’ ಬರೆದು ಬಾತುಕೋಳಿ ಮಾಡುವ ಆಟ ನೋಡಲು ಚಂದ, ಆದರೆ ಮಗುವಿಗೆ ಆ ಗುರುತು ಬಾತುಕೋಳಿಯಾಗಿಯೇ ಉಳಿದು, ಎರಡು ಎಂದು ಓದಬೇಕಾದಾಗ ತಡವರಿಸುತ್ತದೆ. ಚಿತ್ರ ಚಿತ್ರವಾಗಿರಲಿ, ಅಕ್ಷರ ಅಕ್ಷರವಾಗಿರಲಿ, ಇಬ್ಬರೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇರಲಿ.

ಒಂದು ಹೊತ್ತಿನ ಕ್ರಮ

ಹದಿನೈದು ನಿಮಿಷ ಸಾಕು, ಇಪ್ಪತ್ತು ಮೀರಬಾರದು. ಹಾಳೆಯ ಕೆಳಗಿನ ನಾಲ್ಕು ಬೆರಳಗಲ ಭಾಗವನ್ನು ಮೊದಲೇ ಹಿಂದಕ್ಕೆ ಮಡಚಿಡಿ. ಮಾತು ಬರೆಯುವ ಜಾಗ ಅದು. ಮಡಚದಿದ್ದರೆ ಮಗು ಹಾಳೆ ಪೂರ್ತಿ ತುಂಬಿಸಿಬಿಡುತ್ತದೆ, ನೀವು ಚಿತ್ರದ ಮೇಲೆಯೇ ಬರೆಯಬೇಕಾಗುತ್ತದೆ. ಮಗುವಿಗೆ ಅದು ತನ್ನ ದನದ ಹೊಟ್ಟೆಯ ಮೇಲೆ ಯಾರೋ ಗೀಚಿದಂತೆ.

ಸಾಧ್ಯವಿದ್ದರೆ ಪ್ರಾಣಿಯನ್ನೇ ನೋಡಿ ಬನ್ನಿ. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ದನ ಇದ್ದರೆ ಎರಡು ನಿಮಿಷ ಅದರ ಎದುರು ನಿಂತು ಕೇಳಿ: ಕಾಲು ಉದ್ದವೋ ಗಿಡ್ಡವೋ? ಕೊಂಬು ಯಾವ ಕಡೆಗೆ ಬಾಗಿದೆ? ಬಾಲ ಎಲ್ಲಿಯವರೆಗೆ ಬರುತ್ತದೆ? ಕಿವಿ ಕೊಂಬಿನ ಮೇಲೋ ಕೆಳಗೋ? ಉತ್ತರ ಸರಿಯೋ ತಪ್ಪೋ ಎಂದು ಹೇಳಬೇಡಿ. ಒಳಗೆ ಬಂದು ಬಿಡಿಸಲು ಕೊಡಿ, ಮತ್ತೆ ಬಾಯಿ ಮುಚ್ಚಿಕೊಂಡಿರಿ. ಇದು ಎಲ್ಲರಿಗೂ ಕಷ್ಟವಾಗುವ ಭಾಗ.

ಬಿಡಿಸಿ ಮುಗಿದ ಮೇಲೆ ‘ಇದೇನು?’ ಎಂದು ಕೇಳಬೇಡಿ. ದನದ ಹಾಗೆ ಕಾಣುತ್ತಿಲ್ಲ ಎಂದೇ ಅದರ ಅರ್ಥ, ಮಗುವಿಗೆ ಅದು ತಿಳಿಯುತ್ತದೆ. ‘ಇದು ಏನು ಮಾಡ್ತಾ ಉಂಟು?’ ಎಂದು ಕೇಳಿ. ಮಡಚಿದ ಭಾಗವನ್ನು ಬಿಡಿಸಿ, ಮಗು ಹೇಳಿದ ಒಂದು ವಾಕ್ಯವನ್ನು ಅದರ ಮಾತಿನಲ್ಲೇ ಬರೆಯಿರಿ. ಮೂರರಿಂದ ಐದು ಪದ ಸಾಕು. ಮೂರು ಸೆಂಟಿಮೀಟರ್ ಎತ್ತರದ ಅಕ್ಷರ, ಪದಗಳ ನಡುವೆ ಎರಡು ಬೆರಳಿನ ಜಾಗ. ಬರೆಯುವಾಗ ಪ್ರತಿ ಪದವನ್ನೂ ಹೇಳುತ್ತ ಬರೆಯಿರಿ. ಆಮೇಲೆ ಪದದ ಕೆಳಗೆ ಬೆರಳಿಟ್ಟು ಒಮ್ಮೆ ಓದಿ, ಇನ್ನೊಮ್ಮೆ ಮಗುವಿನ ಬೆರಳಿಡಿಸಿ ಓದಿ. ತಾನು ಆಡಿದ ಮಾತು ಗೆರೆಯಾಗಿ ಕೂತಿತು, ನಾಳೆ ನೋಡಿದರೂ ಅದೇ ಮಾತು ಹೇಳುತ್ತದೆ ಎಂದು ಮಗು ಕಾಣಬೇಕು. ಅದು ಕಂಡರೆ ಬರೆಯುವ ಆಸೆಯನ್ನು ಹೊರಗಿನಿಂದ ಹುಟ್ಟಿಸಬೇಕಾಗಿಲ್ಲ.

ಮಾತನ್ನು ತಿದ್ದಬೇಡಿ. ನಮ್ಮ ಜಿಲ್ಲೆಯಲ್ಲಿ ಶಾಲೆಯ ಭಾಷೆ ಕನ್ನಡವಾದರೂ ಮನೆಯ ಮಾತು ತುಳುವೋ ಮಲಯಾಳವೋ ಬ್ಯಾರಿಯೋ ಕೊಂಕಣಿಯೋ ಮರಾಟಿಯೋ ಹವ್ಯಕವೋ ಆಗಿರುತ್ತದೆ. ಮಗು ‘ಪುಚ್ಚೆ’ ಎಂದರೆ ಕನ್ನಡ ಲಿಪಿಯಲ್ಲಿ ‘ಪುಚ್ಚೆ’ ಎಂದೇ ಬರೆಯಿರಿ, ಅದರ ಕೆಳಗಿನ ಸಾಲಿನಲ್ಲಿ ‘ಬೆಕ್ಕು’. ‘ಉಚ್ಚು’ ಬಂದರೆ ಕೆಳಗೆ ‘ಹಾವು’. ಮೇಲಿನ ಸಾಲು ಮನೆಯದು, ಕೆಳಗಿನದು ಶಾಲೆಯದು ಎಂಬ ಕ್ರಮವನ್ನು ಎಂದೂ ಬದಲಿಸಬೇಡಿ. ಮೇಲಿನ ಸಾಲು ಬಿಟ್ಟರೆ ಎಷ್ಟೋ ಮಕ್ಕಳು ಮಾತಾಡುವುದನ್ನೇ ನಿಲ್ಲಿಸುತ್ತಾರೆ, ಬರೆಯಲು ಏನೂ ಸಿಗುವುದಿಲ್ಲ. ಮಲಯಾಳದ ಮಗು ‘ಪುಲಿ’ ಎಂದಾಗ ಮಾತ್ರ ಚಿತ್ರ ನೋಡಿ. ಅದು ಚಿರತೆ. ತುಳುವಿನ ‘ಪಿಲಿ’ ಹುಲಿಯೇ. ಮೈಮೇಲೆ ಚುಕ್ಕೆ ಇದೆಯೋ ಪಟ್ಟೆ ಇದೆಯೋ ಎಂದು ಕೇಳಿದರೆ ಮುಗಿಯಿತು.

ಹಾಳೆಯ ಮೂಲೆಯಲ್ಲಿ ಮಗು ತನ್ನ ಹೆಸರಿನ ಮೊದಲ ಅಕ್ಷರ ಹಾಕಲಿ. ಉಳಿದದ್ದು ನೀವು. ಒತ್ತಕ್ಷರವಿರುವ ಹೆಸರಾದರೆ ಪೂರ್ತಿ ಹೆಸರಿಗೆ ವರ್ಷವೇ ಹಿಡಿಯಬಹುದು, ಅವಸರವಿಲ್ಲ.

ಬಿಡಿಸಲು ಸುಲಭ, ಬರೆಯಲು ಕಷ್ಟ

ಎಡವುವುದು ಹೆಚ್ಚಾಗಿ ಇಲ್ಲೇ. ಬೆಕ್ಕು, ಮೀನು, ಕಪ್ಪೆ, ಚಿಟ್ಟೆ ಬಿಡಿಸಲು ಸುಲಭ. ಬರೆಯಲು ದೀರ್ಘವೋ ಒತ್ತೋ ಅಡ್ಡ ಬರುತ್ತದೆ. ಚಿತ್ರಗಳ ಕ್ರಮ ಬೇರೆ, ಪದಗಳ ಕ್ರಮ ಬೇರೆ ಎಂದಿಟ್ಟುಕೊಳ್ಳಿ. ಯಾವ ಪ್ರಾಣಿಯನ್ನಾದರೂ ಬಿಡಿಸಲಿ. ಮಗುವಿನ ಕೈಯಲ್ಲಿ ಬರೆಸುವ ಪದಗಳನ್ನು ಮಾತ್ರ ಆರಿಸಿ.

ಗುಣಿತವಿಲ್ಲದ ಪ್ರಾಣಿಗಳು ಕನ್ನಡದಲ್ಲಿ ಕೆಲವೇ. ದನ, ಉಡ, ಮಂಗ. ಇವು ಮೊದಲು. ಉಡವನ್ನು ಚಾರ್ಟಿನವರು ಯಾಕೋ ಮರೆತಿರುತ್ತಾರೆ. ಎರಡೇ ಅಕ್ಷರ, ತೋಟದಲ್ಲಿ ಕಾಣಸಿಗುವ ಪ್ರಾಣಿ, ನಾಲಿಗೆ ಚಾಚಿದ ಉಡವೆಂದರೆ ಮಕ್ಕಳಿಗೆ ಖುಷಿ ಬೇರೆ. ಆಮೇಲೆ ಗುಡಿಸು ಒಂದೇ ಇರುವ ಪದಗಳು: ಇಲಿ, ನರಿ, ಏಡಿ, ಓತಿ, ಕರಡಿ. ಮೂರನೆಯದಾಗಿ ಎತ್ವವೋ ಕೊಂಬೋ ಬರುವಂಥವು: ಆನೆ, ಆಮೆ, ಆಡು, ಹಸು. ನಾಲ್ಕನೆಯದಾಗಿ ಎರಡು ಗುಣಿತದವು ಮತ್ತು ದೀರ್ಘದವು: ಹುಲಿ, ಅಳಿಲು, ಕಾಗೆ, ಹಾವು, ಮೀನು, ನಾಯಿ, ಕೋಳಿ. ಒತ್ತಕ್ಷರದ ಬೆಕ್ಕು, ಕಪ್ಪೆ, ಎಮ್ಮೆ, ಹಕ್ಕಿ, ಚಿಟ್ಟೆ ಎಲ್ಲಕ್ಕಿಂತ ಕೊನೆಗೆ. ಒಂದು ಗುಂಪಿನ ಪದಗಳಲ್ಲಿ ಮೂರನ್ನು ನೋಡದೆ ಬರೆಯಬಲ್ಲದಾದರೆ ಮುಂದಿನ ಗುಂಪಿಗೆ ಹೋಗಬಹುದು. ಶಾಲೆಯಲ್ಲಿ ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಕಲಿಸುತ್ತಿದ್ದರೆ, ಅಲ್ಲಿ ಆಗಿಹೋದ ಅಕ್ಷರಗಳಿಂದ ಆಗುವ ಪ್ರಾಣಿಯನ್ನು ಹುಡುಕಿ. ಇಬ್ಬರೂ ಎರಡು ಕಡೆಗೆ ಎಳೆಯುವುದು ಬೇಡ.

ಮಗುವೇ ‘ಬೆಕ್ಕು ನಾನೇ ಬರೀತೇನೆ’ ಎಂದರೆ ತಡೆಯಬೇಡಿ. ‘ಬೆಕು’ ಎಂದು ಬರೆದರೆ ಸಂತೋಷಪಡಿ, ಕಿವಿಗೆ ಕೇಳಿದ ಎರಡು ಸ್ವರವನ್ನೂ ಅದು ಹಿಡಿದಿದೆ. ಅಳಿಸದೆ, ಕೆಳಗೆ ನಿಮ್ಮ ಸಾಲಿನಲ್ಲಿ ‘ಬೆಕ್ಕು’ ಎಂದು ಬರೆಯಿರಿ. ‘ಆವು’, ‘ಮಿನು’, ‘ಆನ’ ಎಲ್ಲಕ್ಕೂ ಇದೇ ಉಪಚಾರ. ಕೇರಳದ ಒಂದನೇ ತರಗತಿಯ ಸಂಯುಕ್ತ ಡೈರಿ ನಡೆಯುವುದೂ ಹೀಗೆಯೇ: ಗೊತ್ತಿದ್ದದ್ದನ್ನು ಮಗು ಪೆನ್ಸಿಲಿನಲ್ಲಿ ಬರೆಯುತ್ತದೆ, ಗೊತ್ತಿಲ್ಲದ್ದನ್ನು ದೊಡ್ಡವರು ಪೆನ್ನಿನಲ್ಲಿ ತುಂಬುತ್ತಾರೆ. ಆ ಡೈರಿ ಬರುವ ಮೊದಲೇ ಈ ರೂಢಿ ಇದ್ದರೆ ಜೂನ್ ತಿಂಗಳು ಸಲೀಸು.

ಹೆಸರು ಬಂದ ಮೇಲೆ ಅಂಗಗಳು. ದನದ ಚಿತ್ರಕ್ಕೆ ಗೆರೆ ಎಳೆದು ಬಾಲ, ಕಾಲು, ಕಿವಿ ಎಂದು ಬರೆಯಲಿ. ಒಂದು ಚಿತ್ರಕ್ಕೆ ಮೂರು ಸಾಕು. ಕೊಂಬು, ಕಣ್ಣು ಸ್ವಲ್ಪ ತಡೆದು.

ಅಲ್ಲಿಂದ ವಾಕ್ಯ. ‘ನರಿ ಓಡುತ್ತದೆ’ ಎಂದು ಬರೆಸಲು ಹೋದರೆ ‘ತ್ತ’ ಎದುರು ನಿಲ್ಲುತ್ತದೆ. ನಡೆಯುತ್ತದೆ, ತಿನ್ನುತ್ತದೆ, ಹಾರುತ್ತದೆ, ಕನ್ನಡದ ವರ್ತಮಾನ ಪೂರ್ತಿ ಒತ್ತಕ್ಷರ. ಭೂತಕಾಲದಲ್ಲಿ ಆ ಕಾಟ ಬಹಳಷ್ಟು ತಪ್ಪುತ್ತದೆ: ನರಿ ಓಡಿತು. ಮಂಗ ಮರ ಏರಿತು. ದನ ಬಂತು. ಆಮೆ ನೀರಿಗೆ ಇಳಿಯಿತು. ಕಾಗೆ ಹಾರಿತು. ಮಗುವಿನ ಮೊದಲ ವಾಕ್ಯಗಳು ಭೂತಕಾಲದಲ್ಲಿರಲಿ. ‘ಏನು ಮಾಡ್ತಾ ಉಂಟು?’ ಎಂಬ ಪ್ರಶ್ನೆಯನ್ನೂ ಈ ಹಂತದಲ್ಲಿ ‘ಆಮೇಲೆ ಏನಾಯಿತು?’ ಎಂದು ಬದಲಿಸಿ. ಕತೆಯೂ ಮುಂದೆ ಹೋಗುತ್ತದೆ.

ಎಡವಟ್ಟುಗಳು

‘ನನಗೆ ಬರುವುದಿಲ್ಲ, ನೀವೇ ಬಿಡಿಸಿ ಕೊಡಿ.’ ಇದು ಬಂದರೆ, ಯಾರೋ ದೊಡ್ಡವರು ಒಮ್ಮೆ ಚಂದದ ಆನೆ ಬಿಡಿಸಿ ತೋರಿಸಿದ್ದಾರೆ ಎಂದೇ ತಿಳಿಯಿರಿ. ಅಥವಾ ಬಣ್ಣ ತುಂಬುವ ಪುಸ್ತಕ ಹೆಚ್ಚಾಗಿದೆ. ಮಾದರಿ ಬಿಡಿಸಬೇಡಿ. ಗಾಳಿಯಲ್ಲಿ ಬೆರಳಾಡಿಸಿ ತೋರಿಸಬಹುದು, ಅದು ಉಳಿಯುವುದಿಲ್ಲ. ಇಲ್ಲವೇ ಗೇರುಬೀಜ, ಹುಣಸೆಬೀಜ, ಕಡ್ಡಿ ಕೊಟ್ಟು ನೆಲದ ಮೇಲೆ ಪ್ರಾಣಿ ಜೋಡಿಸಲು ಹೇಳಿ. ಮೂರು ಗೇರುಬೀಜ, ಎರಡು ಕಡ್ಡಿ ಇದ್ದರೆ ಹಕ್ಕಿಯಾಗುತ್ತದೆ. ಅದನ್ನು ನೋಡಿ ಬಿಡಿಸಲು ಹಿಂಜರಿಕೆಯಿಲ್ಲ.

ಕೈ ಹಿಡಿದು ತಿದ್ದಿಸುವುದರಿಂದ ಏನೂ ಬರುವುದಿಲ್ಲ. ನಿಮ್ಮ ಕೈ ಚಲಿಸುತ್ತದೆ, ಮಗುವಿನ ಬೆರಳು ಸಡಿಲವಾಗಿ ಜೊತೆಗೆ ಹೋಗುತ್ತದೆ. ಕೈ ಬಿಟ್ಟ ಕೂಡಲೇ ಅಕ್ಷರವೂ ಹೋಯಿತು.

ಒಂದೇ ಪ್ರಾಣಿಯನ್ನು ವಾರಗಟ್ಟಲೆ ಬಿಡಿಸುವ ಮಕ್ಕಳಿದ್ದಾರೆ. ಬಿಡಿ. ಪ್ರಾಣಿ ಬದಲಾಗದಿದ್ದರೆ ಮಾತು ಬದಲಾಗಲಿ: ಹುಲಿ ಇವತ್ತು ಎಲ್ಲಿಗೆ ಹೋಯಿತು, ಯಾರು ಸಿಕ್ಕಿದರು. ದನಕ್ಕೆ ಮನುಷ್ಯನ ಮುಖ, ಕೋಳಿಗೆ ನಾಲ್ಕು ಕಾಲು, ಹೊಟ್ಟೆಯೊಳಗಿನ ಕರು ಹೊರಗೆ ಕಾಣುವುದು, ನಾಲ್ಕೈದು ವರ್ಷಕ್ಕೆ ಇದೆಲ್ಲ ಸಹಜ. ಹಾಳೆಯ ಒಂದು ಮೂಲೆಯಲ್ಲಿ ಇರುವೆಯಷ್ಟು ಚಿತ್ರ ಬಿಡಿಸುವ ಮಗುವನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ತನ್ನಷ್ಟೇ ಉದ್ದದ ಮೊಸಳೆ ಬಿಡಿಸಲು ಹೇಳಿ.

ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುವುದು ಆರೇಳು ವರ್ಷದವರೆಗೂ ಇರುತ್ತದೆ. ಎಡಕ್ಕೆ ನಿಂತರೂ ಬಲಕ್ಕೆ ನಿಂತರೂ ದನ ದನವೇ. ಅಕ್ಷರಕ್ಕೆ ಮಾತ್ರ ಒಂದೇ ಮುಖ ಎಂಬುದು ಮಗುವಿಗೆ ಹೊಸ ವಿಷಯ. ಸುಮ್ಮನೆ ಸರಿಯಾದ ರೂಪವನ್ನು ನಿಮ್ಮ ಸಾಲಿನಲ್ಲಿ ಬರೆಯುತ್ತ ಹೋಗಿ. ಏಳು ದಾಟಿದ ಮೇಲೂ ಹಾಗೆಯೇ ಇದ್ದು ಓದಲೂ ತೊಡಕಿದ್ದರೆ ಅಧ್ಯಾಪಕರಿಗೆ ತಿಳಿಸಿ.

ತಲೆಕಟ್ಟು ಬಿಟ್ಟುಹೋಗುವುದು ತುಂಬ ಸಾಮಾನ್ಯ. ಮಲಯಾಳ ಲಿಪಿಗೆ ತಲೆಕಟ್ಟು ಇಲ್ಲ, ಎರಡನ್ನೂ ಒಟ್ಟಿಗೆ ಕಲಿಯುವ ಮಕ್ಕಳಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ. ಖ, ಙ, ಜ, ಞ, ಟ, ಣ, ಬ, ಲಗಳಿಗೆ ಕನ್ನಡದಲ್ಲೂ ಇಲ್ಲ, ಸ್ವರಗಳಿಗೂ ಇಲ್ಲ. ಆದ್ದರಿಂದ ‘ಎಲ್ಲದಕ್ಕೂ ಹಾಕು’ ಎಂದು ಹೇಳಿಕೊಡಬೇಡಿ, ‘ಬ’ದ ತಲೆಯ ಮೇಲೂ ಒಂದು ಕಾಗೆ ಬಂದು ಕೂರುತ್ತದೆ.

ಎಡಗೈ ಮಕ್ಕಳನ್ನು ಬಲಗೈಗೆ ತಿರುಗಿಸಬೇಡಿ. ಹಾಳೆಯ ಮೇಲಂಚನ್ನು ಸ್ವಲ್ಪ ಬಲಕ್ಕೆ ವಾಲಿಸಿಡಿ, ಬೆಂಚಿನ ಎಡತುದಿಯಲ್ಲಿ ಕೂರಿಸಿ, ಪಕ್ಕದವರ ಮೊಣಕೈ ತಾಗುವುದಿಲ್ಲ.

ಪೆನ್ಸಿಲ್, ಪುಸ್ತಕ

ಮೂರು ಬೆರಳಿನ ಹಿಡಿತ ನಿಂತು, ಅಂಗೈ ಅಗಲದ ಸೊನ್ನೆಯನ್ನು ತುದಿ ಕೂಡುವಂತೆ ಮುಚ್ಚಲು ಬಂದರೆ ಪೆನ್ಸಿಲ್ ಕೊಡಬಹುದು. ಎಚ್‌ಬಿಗಿಂತ 2ಬಿ ಒಳ್ಳೆಯದು. ಮೆತ್ತಗಿನ ಸೀಸ, ಒತ್ತದೆಯೇ ಕಪ್ಪಾಗುತ್ತದೆ. ಅರ್ಧ ಮುಗಿದ ಪೆನ್ಸಿಲನ್ನೇ ಕೊಡಿ. ಮೊದಲ ಗೆರೆಪುಸ್ತಕ ಅಗಲ ಗೆರೆಯ ಒಂಟಿ ಗೆರೆಯದ್ದಾಗಿರಲಿ, ಒಂದು ಗೆರೆ ಬಿಟ್ಟು ಒಂದರಲ್ಲಿ ಬರೆಯಲಿ. ಒತ್ತಕ್ಷರ ಗೆರೆಯಿಂದ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. ಇಕ್ಕಟ್ಟಿನ ಎರಡು ಗೆರೆಯಲ್ಲಿ ‘ಬೆಕ್ಕು’ ಬರೆಸಿದರೆ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಎ4 ಅಳತೆಯ ಎರಡು ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವೆ ಮಡಚಿದರೆ ಎಂಟು ಪುಟ. ಮಡಿಕೆಯಲ್ಲಿ ದಪ್ಪ ದಾರದಿಂದ ಮೂರು ಹೊಲಿಗೆ ಹಾಕಿ. ಹೊರಗೆ ಪುಸ್ತಕದ ಹೆಸರು ಮತ್ತು ಬರೆದವರ ಹೆಸರು, ಒಳಗೆ ಎಡಪುಟ ಚಿತ್ರ, ಬಲಪುಟ ಮಾತು. ಮೂರು ಜೋಡಿ ಪುಟಗಳಿಗೆ ಮೂರು ಪ್ರಾಣಿ ಅಥವಾ ಒಂದೇ ಪ್ರಾಣಿಯ ಮೂರು ಸಂಗತಿ: ಆನೆ ಬಂತು, ಆನೆ ಬಾಳೆ ಮುರಿಯಿತು, ಆನೆ ಕಾಡಿಗೆ ಹೋಯಿತು. ಕಾಡಾನೆ ಬರುವ ಅಡೂರು, ದೇಲಂಪಾಡಿ ಕಡೆಯ ಮಕ್ಕಳಿಗೆ ಈ ಕತೆ ಕಲ್ಪಿಸಬೇಕಾಗಿಯೂ ಇಲ್ಲ.

ಅಂಗನವಾಡಿಯಲ್ಲಿ ಹದಿನೈದು ಮಕ್ಕಳಿದ್ದು ಒಬ್ಬರೇ ಟೀಚರ್ ಆದರೆ ಎಲ್ಲರ ಮಾತನ್ನೂ ಒಂದೇ ದಿನ ಬರೆದುಕೊಳ್ಳಲು ಆಗದು. ಎಲ್ಲರೂ ದಿನವೂ ಬಿಡಿಸಲಿ, ಮೂವರ ಮಾತು ಮಾತ್ರ ಬರೆಯಿರಿ. ವಾರದ ಐದು ದಿನದಲ್ಲಿ ಎಲ್ಲರದ್ದೂ ಒಂದು ಸುತ್ತು ಆಗುತ್ತದೆ. ಯಾರ ಸರದಿ ಎಂದು ಗೋಡೆಯ ಮೇಲೆ ಹೆಸರಿನ ಪಟ್ಟಿ ಹಾಕಿದರೆ, ಮಕ್ಕಳು ಬೆಳಗ್ಗೆ ಬಂದವರೇ ತಮ್ಮ ಹೆಸರು ಹುಡುಕಲು ಶುರುಮಾಡುತ್ತಾರೆ.